ಸೈಕ್ಲೋಸ್ಟೈಲ್ ಮಾಡಿದ ರಾತ್ರಿ

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಶಾಲೆಯ ಆಫೀಸಿನ ಮೂಲೆಯಲ್ಲಿ ಒಂದು ಸೈಕ್ಲೋಸ್ಟೈಲ್ ಯಂತ್ರವಿತ್ತು. ಪರೀಕ್ಷೆ ಬಂತೆಂದರೆ ಪ್ರಶ್ನೆಪತ್ರಿಕೆಯ ಸ್ಟೆನ್ಸಿಲ್ ಕೊರೆದು, ಇಂಕು ಹಾಕಿ, ಹಿಡಿ ತಿರುಗಿಸುವ ಕೆಲಸ ಹೊಸಬರಾದ ನಮ್ಮ ಪಾಲಿಗೇ ಬರುತ್ತಿತ್ತು. ಎಷ್ಟು ಜೋಪಾನ ಮಾಡಿದರೂ ಸೆರಗಿಗೆ ಕಪ್ಪು ತಗಲದೆ ಬಿಡುತ್ತಿರಲಿಲ್ಲ. ಇನ್ನೂರು ಹಾಳೆ ತೆಗೆಯುವಷ್ಟರಲ್ಲಿ ತೋಳು ಬಿದ್ದುಹೋಗುತ್ತಿತ್ತು. ಅಮೆರಿಕದ ಮಾಂಟ್‌ಗೊಮರಿ ಎಂಬ ಊರಿನಲ್ಲಿ ಒಬ್ಬ ಅಧ್ಯಾಪಕಿ 1955ರ ಡಿಸೆಂಬರ್ 1ರ ರಾತ್ರಿ ಮೂವತ್ತು ಸಾವಿರಕ್ಕೂ ಮೇಲ್ಪಟ್ಟು ಕರಪತ್ರಗಳನ್ನು ಸೈಕ್ಲೋಸ್ಟೈಲ್ ಮಾಡಿದರು ಎಂದು ಓದಿದಾಗ, ನನ್ನ ಮನಸ್ಸು ಮೊದಲು ಹೋದದ್ದು ಅವರ ತೋಳಿನ ಕಡೆಗೆ.

ಆಕೆಯ ಹೆಸರು ಜೋ ಆನ್ ರಾಬಿನ್ಸನ್. ಅಲಬಾಮಾ ಸ್ಟೇಟ್ ಕಾಲೇಜು ಎಂಬ ಕರಿಯರ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಮಾರ್ಟಿನ್ ಲೂಥರ್ ಕಿಂಗ್ ಹೆಸರನ್ನು ನಮ್ಮ ಹೈಸ್ಕೂಲು ಮಕ್ಕಳೂ ಬಲ್ಲರು. ರೋಸಾ ಪಾರ್ಕ್ಸ್ ಹೆಸರನ್ನೂ ಕೆಲವರು ಬಲ್ಲರು. ಈಕೆಯ ಹೆಸರನ್ನು ಸಮಾಜ ಪಾಠ ಹೇಳುವ ನಾನೇ ಕೇಳಿದ್ದು ನಲವತ್ತು ದಾಟಿದ ಮೇಲೆ.

ಆಗಿನ ಮಾಂಟ್‌ಗೊಮರಿಯ ಬಸ್ಸು ಹೇಗಿತ್ತೆಂದು ಹೇಳಬೇಕು. ಒಟ್ಟು 36 ಸೀಟು. ಮುಂದಿನ ಹತ್ತು ಬಿಳಿಯರಿಗೆ. ಅಲ್ಲಿ ಒಬ್ಬ ಬಿಳಿಯನೂ ಇಲ್ಲದಿದ್ದರೂ ಕರಿಯರು ಕೂರುವಂತಿಲ್ಲ. ಹಿಂದಿನ ಹತ್ತು ಕರಿಯರಿಗೆ. ನಡುವಿನ ಹದಿನಾರು ಡ್ರೈವರನ ಮರ್ಜಿ. ಕರಿಯರು ಮುಂಬಾಗಿಲಲ್ಲಿ ಹತ್ತಿ ದುಡ್ಡು ಕೊಟ್ಟು, ಮತ್ತೆ ಕೆಳಗಿಳಿದು, ಹಿಂಬಾಗಿಲಿಗೆ ಹೋಗಿ ಹತ್ತಬೇಕಾಗಿತ್ತು. ಅವರು ಹಿಂಬಾಗಿಲು ಮುಟ್ಟುವ ಮೊದಲೇ ಬಸ್ಸು ಬಿಟ್ಟುಕೊಂಡು ಹೋಗುವ ಡ್ರೈವರುಗಳೂ ಇದ್ದರು. ತಮಾಷೆಯೆಂದರೆ ಆ ಬಸ್ಸುಗಳಲ್ಲಿ ಓಡಾಡುವವರಲ್ಲಿ ಮುಕ್ಕಾಲುಪಾಲು ಜನ ಕರಿಯರೇ. ಅವರಲ್ಲೂ ಬಿಳಿಯರ ಮನೆಗಳಿಗೆ ಅಡಿಗೆಗೆ, ಬಟ್ಟೆ ಒಗೆಯಲಿಕ್ಕೆ, ಕೂಸು ನೋಡಿಕೊಳ್ಳಲಿಕ್ಕೆ ಹೋಗುವ ಹೆಂಗಸರೇ ಹೆಚ್ಚು.

ರಾಬಿನ್ಸನ್ ಆ ಊರಿಗೆ ಬಂದದ್ದು 1949ರಲ್ಲಿ. ಆ ವರ್ಷದ ಕ್ರಿಸ್‌ಮಸ್ ರಜೆಗೆ ನೆಂಟರ ಊರಿಗೆ ಹೊರಟು, ಸಂಭ್ರಮದಲ್ಲಿ ಬಸ್ಸು ಹತ್ತಿದರು. ಬಸ್ಸು ಬಹುಮಟ್ಟಿಗೆ ಖಾಲಿ. ಮರೆತು ಮುಂದಿನ ಸೀಟಿನಲ್ಲಿ ಕೂತುಬಿಟ್ಟರು. ಡ್ರೈವರ್ ಎದ್ದು ಬಂದು ಹೊಡೆಯುವವನಂತೆ ಕೈಯೆತ್ತಿ ಅಬ್ಬರಿಸಿದ. ಎಂ.ಎ. ಓದಿದ, ನೂರಾರು ಮಕ್ಕಳಿಗೆ ಪಾಠ ಹೇಳುವ ಹೆಂಗಸು ಅಳುತ್ತಾ ಕೆಳಗಿಳಿದು ಓಡಿದರು. ಆ ಅವಮಾನವನ್ನು ಅವರು ಸಾಯುವತನಕ ಮರೆಯಲಿಲ್ಲ.

ಅದೇ ಕಾಲೇಜಿನ ಇನ್ನೊಬ್ಬ ಇಂಗ್ಲಿಷ್ ಅಧ್ಯಾಪಕಿ ಮೇರಿ ಫೇರ್ ಬರ್ಕ್ಸ್ 1946ರಲ್ಲಿ ಮಹಿಳೆಯರ ರಾಜಕೀಯ ಮಂಡಳಿ ಎಂಬ ಸಂಘ ಕಟ್ಟಿದ್ದರು. ಅದು ಹುಟ್ಟಿದ್ದರಲ್ಲಿ ಒಂದು ಭಾನುವಾರದ ಪ್ರಸಂಗದ ಪಾಲೂ ಇದೆ. ಡೆಕ್ಸ್ಟರ್ ಅವೆನ್ಯೂ ಬ್ಯಾಪ್ಟಿಸ್ಟ್ ಚರ್ಚಿನ ಪಾಸ್ಟರ್ ವರ್ನನ್ ಜಾನ್ಸ್ ಒಳ್ಳೆ ಬಟ್ಟೆ ತೊಟ್ಟು ಬಂದು ಕೂತ ಓದಿದವರನ್ನೇ, ನಿಮಗೆ ನಿಮ್ಮ ಸುಖವೊಂದೇ ಸಾಕಾಯಿತೇ ಎಂಬರ್ಥದಲ್ಲಿ ಗದರುವ ಮನುಷ್ಯ. ಬಹಳ ಜನ ಮುನಿಸಿಕೊಂಡು ಮನೆಗೆ ಹೋದರು. ಬರ್ಕ್ಸ್ ಮನೆಗೆ ಹೋಗಿ ಗೆಳತಿಯರನ್ನು ಸೇರಿಸಿದರು. 1950ರಲ್ಲಿ ರಾಬಿನ್ಸನ್ ಅದರ ಅಧ್ಯಕ್ಷೆಯಾದರು. ಊರಿನ ಮೇಯರಿಗೆ 1954ರ ಮೇ 21ರಂದು ಅವರು ಬರೆದ ಕಾಗದ ಉಳಿದುಬಂದಿದೆ. ಬಹಳ ಸೌಜನ್ಯದ ಕಾಗದ; ಆದರೆ ಕೊನೆಯಲ್ಲಿ, ಬಸ್ಸುಗಳನ್ನು ಬಹಿಷ್ಕರಿಸುವ ಮಾತು ನಮ್ಮ ಜನರಲ್ಲಿ ನಡೆದಿದೆ ಎಂದು ತಣ್ಣಗೆ ತಿಳಿಸಿದ್ದಾರೆ. ಎಂದರೆ ರೋಸಾ ಪಾರ್ಕ್ಸ್ ಬಂಧನಕ್ಕೆ ಒಂದೂವರೆ ವರ್ಷ ಮೊದಲೇ ಒಲೆಗೆ ಸೌದೆ ಕೂಡಿಸಿಯಾಗಿತ್ತು.

ಈ ನಡುವೆ 1955ರ ಮಾರ್ಚ್ 2ರಂದು ಕ್ಲಾಡೆಟ್ ಕಾಲ್ವಿನ್ ಎಂಬ ಹದಿನೈದು ವರ್ಷದ ಶಾಲಾ ಹುಡುಗಿ ಬಸ್ಸಿನಲ್ಲಿ ಸೀಟು ಬಿಡಲು ಒಪ್ಪದೆ ಪೊಲೀಸರಿಂದ ಕೈಕೋಳ ಹಾಕಿಸಿಕೊಂಡಳು. ಆಗಲೇ ಚಳವಳಿ ಹೂಡಬಹುದಿತ್ತು. ಹಿರಿಯರು ಹಿಂಜರಿದರು. ಹುಡುಗಿ ಚಿಕ್ಕವಳು, ಬಾಯಿ ಜೋರು, ಬಡವರ ಕೇರಿಯವಳು. ಆಮೇಲೆ ಮದುವೆಯಿಲ್ಲದೆ ಬಸಿರಾದಳು. ತನ್ನ ಮೈಬಣ್ಣ ಬಹಳ ಕಪ್ಪು ಎಂಬುದೂ ಒಂದು ಕಾರಣವೆಂದು ಕಾಲ್ವಿನ್ ದೊಡ್ಡವರಾದ ಮೇಲೆ ಹೇಳಿದ್ದಾರೆ. ಬಿಳಿಯರ ಬಣ್ಣದ ಸೊಕ್ಕಿನ ವಿರುದ್ಧ ನಿಂತವರಲ್ಲೂ ಎಣ್ಣೆಗೆಂಪು, ಕಡುಗಪ್ಪು ಎಂಬ ಲೆಕ್ಕವಿತ್ತು.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟೆ. ಹಲವು ವರ್ಷದ ಹಿಂದೆ ನಾನು ಸಂಡೇ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದಾಗ ಕ್ರಿಸ್‌ಮಸ್ ನಾಟಕಕ್ಕೆ ಮಕ್ಕಳನ್ನು ಆರಿಸಿದ್ದೆ. ಮರಿಯಳ ಪಾತ್ರಕ್ಕೆ ಆರಿಸಿದ ಹುಡುಗಿ ಚೆನ್ನಾಗಿ ಹಾಡುತ್ತಿದ್ದಳು, ಕಪ್ಪಗಿದ್ದಳು, ಅವಳ ತಾಯಿ ಮೂರು ಮನೆ ಮುಸುರೆ ತಿಕ್ಕುತ್ತಿದ್ದಳು. ಸಭೆಯ ಹಿರಿಯರೊಬ್ಬರು ಬಂದು, "ಟೀಚರೇ, ಮರಿಯಮ್ಮ ಅಂದ್ರೆ ಸ್ವಲ್ಪ ಬೆಳ್ಳಗಿರೋ ಹುಡುಗಿ ಇರಲಿ, ನೋಡೋರಿಗೆ ಚಂದ" ಎಂದರು. ನಾನು ವಾದಿಸಲಿಲ್ಲ. ಆ ಹುಡುಗಿಯನ್ನು ಕುರುಬಳನ್ನಾಗಿ ಮಾಡಿ ತಲೆಗೊಂದು ಟವೆಲ್ ಕಟ್ಟಿ ನಿಲ್ಲಿಸಿದೆ. ಅವಳು ಏನೂ ಕೇಳಲಿಲ್ಲ. ಮುಂದಿನ ವರ್ಷ ನಾಟಕಕ್ಕೆ ಬರಲಿಲ್ಲ. ಬೇತ್ಲೆಹೇಮಿನ ಬಿಸಿಲಿನಲ್ಲಿ ನೀರು ಹೊತ್ತ ಮರಿಯಳು ಹಾಲಿನ ಬಣ್ಣದವಳಾಗಿದ್ದಳೆಂದು ನಮಗೆ ಹೇಳಿದವರು ಯಾರು? ಗೋಡೆಯ ಕ್ಯಾಲೆಂಡರು.

ಇರಲಿ, ಮಾಂಟ್‌ಗೊಮರಿಗೆ ಬರೋಣ. ಡಿಸೆಂಬರ್ 1ರ ಸಂಜೆ ರೋಸಾ ಪಾರ್ಕ್ಸ್ ಬಂಧನವಾಯಿತು. ವಕೀಲ ಫ್ರೆಡ್ ಗ್ರೇ ಅವರಿಂದ ಸುದ್ದಿ ತಿಳಿದ ರಾಬಿನ್ಸನ್ ನಡುರಾತ್ರಿಯಲ್ಲಿ ಕಾಲೇಜಿಗೆ ಹೋದರು. ಯಂತ್ರವಿದ್ದ ಕೋಣೆಯ ಬೀಗದಕೈ ಇದ್ದ ಸಹೋದ್ಯೋಗಿ ಜಾನ್ ಕ್ಯಾನನ್ ಮತ್ತು ಇಬ್ಬರು ವಿದ್ಯಾರ್ಥಿಗಳು ಜೊತೆಗೆ ನಿಂತರು. ಸೋಮವಾರ ಯಾರೂ ಬಸ್ಸು ಹತ್ತಬೇಡಿ ಎಂಬ ಒಕ್ಕಣೆ. ಹಾಳೆ ಉಳಿಸಲು ಒಂದೇ ಹಾಳೆಯಲ್ಲಿ ಮೂರು ಸಲ ಅಚ್ಚು ಮಾಡಿ ಕತ್ತರಿಸಿದರು. ಬೆಳಗಿನ ನಾಲ್ಕಕ್ಕೆ ಕಟ್ಟುಗಳು ಸಿದ್ಧ. ಎಂಟು ಗಂಟೆಗೆ ಅವರ ಕ್ಲಾಸಿತ್ತು; ಹೋಗಿ ಪಾಠ ಮಾಡಿದರು! ಆಮೇಲೆ ಕಾರಿನಲ್ಲಿ ಕಟ್ಟುಗಳನ್ನು ಹೇರಿಕೊಂಡು ಶಾಲೆ, ಅಂಗಡಿ, ಬ್ಯೂಟಿ ಪಾರ್ಲರುಗಳಿಗೆ ಹಂಚಿದರು.

ಮಧ್ಯಾಹ್ನ ಕಾಲೇಜಿನ ಅಧ್ಯಕ್ಷ ಟ್ರೆನ್‌ಹೋಮ್ ಕರೆಸಿದರು. ಸರ್ಕಾರಿ ಹಣದ ಕಾಲೇಜು. ವಿಷಯ ಹೊರಬಿದ್ದರೆ ಎಲ್ಲರ ಅನ್ನಕ್ಕೂ ಕುತ್ತು. ರಾಬಿನ್ಸನ್ ನಡೆದದ್ದನ್ನೆಲ್ಲ ಹೇಳಿದರು. ಆತ ಕೋಪವಿಳಿದು ಕೇಳಿ, ಮುಂದುವರಿಯಿರಿ, ಆದರೆ ಕಾಲೇಜಿನ ಹೆಸರು ಬರದಿರಲಿ, ಹಾಳೆಯ ದುಡ್ಡು ಕಟ್ಟಿಬಿಡಿ ಎಂದರು. ಆಕೆ ಕಟ್ಟಿದರು.

ಹಾಗಾದರೆ ಪಾಸ್ಟರುಗಳು ಎಲ್ಲಿದ್ದರು? ಶುಕ್ರವಾರ ಅವರ ಕೈಗೂ ಕರಪತ್ರ ಬಂತು. ತಮ್ಮ ಸಭೆಯ ಜನ ಹೇಗೂ ಬಸ್ಸು ಬಿಡುತ್ತಾರೆ, ಇನ್ನು ಮುಂದೆ ನಿಲ್ಲದಿದ್ದರೆ ಹಿಂದೆ ಬೀಳುತ್ತೇವೆ ಎಂದು ಅವರಿಗೆ ಅರಿವಾಯಿತು ಎಂದು ರಾಬಿನ್ಸನ್ ನೆನೆದಿದ್ದಾರೆ. ಸೋಮವಾರ ಬಸ್ಸುಗಳು ಬರಿದಾಗಿ ಓಡಿದವು. ಅಂದು ಮಧ್ಯಾಹ್ನ ಸೇರಿದ ಸಭೆಯಲ್ಲೂ ಕೆಲವರು, ಹೆಸರು ಹೊರಬೀಳದಂತೆ ಗುಟ್ಟಾಗಿ ನಡೆಸೋಣ ಎಂದರಂತೆ. ರೈಲ್ವೆ ಪೋರ್ಟರ್ ಆಗಿದ್ದ ಇ.ಡಿ. ನಿಕ್ಸನ್ ಎಂಬ ಕಟ್ಟುಮಸ್ತು ಮನುಷ್ಯ ರೇಗಿಹೋದರು. ಇಷ್ಟು ವರ್ಷ ಈ ಬಟ್ಟೆ ಒಗೆಯುವ ಹೆಂಗಸರ ದುಡಿಮೆಯಲ್ಲಿ ಬದುಕಿದಿರಿ, ಅವರಿಗಾಗಿ ಏನು ಮಾಡಿದಿರಿ ಎಂದು ಮುಖಕ್ಕೇ ಕೇಳಿದರು. ಕಾಣಿಕೆ ತಟ್ಟೆಗೆ ನಾಣ್ಯ ಹಾಕುವವರು ಯಾರೆಂಬುದನ್ನು ಇಷ್ಟು ನೇರವಾಗಿ ಯಾರಾದರೂ ಹೇಳಬೇಕಿತ್ತು. 26 ವರ್ಷದ ಕಿಂಗ್ ಅಧ್ಯಕ್ಷರಾದರು. ರಾತ್ರಿ ಹೋಲ್ಟ್ ಸ್ಟ್ರೀಟ್ ಚರ್ಚಿನ ಒಳಗೂ ಹೊರಗೂ ಸಾವಿರಾರು ಜನ. ಅವರು ಮೊದಲು ಕೇಳಿದ್ದೇನು? ಡ್ರೈವರುಗಳು ಮರ್ಯಾದೆಯಿಂದ ಮಾತಾಡಲಿ. ಮೊದಲು ಬಂದವರಿಗೆ ಮೊದಲು ಸೀಟು, ಕರಿಯರು ಹಿಂದಿನಿಂದ, ಬಿಳಿಯರು ಮುಂದಿನಿಂದ. ಕರಿಯರ ಬಡಾವಣೆಗಳ ಬಸ್ಸಿಗೆ ಕರಿಯ ಡ್ರೈವರುಗಳು. ಇಷ್ಟೇ. ಇದನ್ನೂ ಕೊಡಲಿಲ್ಲ.

ಎದುರು ಪಕ್ಷದವರೂ ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರೇ ಎಂಬುದನ್ನು ಮರೆಯಬಾರದು. ಅಪೊಸ್ತಲರ ಕೃತ್ಯಗಳ 17ನೆಯ ಅಧ್ಯಾಯದ 26ನೆಯ ವಚನವನ್ನು ತೆಗೆದು ನೋಡಿ. ದೇವರು ಎಲ್ಲ ಜನಾಂಗಗಳನ್ನು ಒಂದೇ ಮೂಲದಿಂದ ಹುಟ್ಟಿಸಿದನೆಂದು ಮೊದಲರ್ಧ ಹೇಳುತ್ತದೆ. ಅವರವರ ನೆಲೆಯ ಎಲ್ಲೆಗಳನ್ನು ಗೊತ್ತುಮಾಡಿದನೆಂದು ಉಳಿದರ್ಧ. ಕರಿಯರ ಪಾಸ್ಟರುಗಳು ಮೊದಲರ್ಧ ಹಿಡಿದರು. ಬಾಬ್ ಜೋನ್ಸ್ ಎಂಬ ಹೆಸರಾಂತ ಬಿಳಿಯ ಬೋಧಕರು 1960ರ ಈಸ್ಟರ್ ದಿನ ರೇಡಿಯೋದಲ್ಲಿ ಎರಡನೆಯ ಅರ್ಧ ಹಿಡಿದು, ಬೇರೆ ಬೇರೆ ಇರುವುದೇ ದೇವರ ಚಿತ್ತ ಎಂದು ಬೋಧಿಸಿದರು. ಯೇಸು ಎದ್ದ ಹಬ್ಬದ ದಿನವೇ ಈ ಪ್ರಸಂಗ! ಬಹುಪಾಲು ಬಿಳಿಯ ಪಾಸ್ಟರುಗಳು ಈ ತಂಟೆಗೂ ಹೋಗದೆ ಸುಮ್ಮನಿದ್ದರು. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಕಿಂಗ್ ಬರೆದ ಪತ್ರ ಇಂಥ ಎಂಟು ಸಭ್ಯ ಧರ್ಮಗುರುಗಳಿಗೆ ಕೊಟ್ಟ ಉತ್ತರವೇ.

ಸುಮ್ಮನಿರದ ಬಿಳಿಯರೂ ಇದ್ದರು. ಕರಿಯರ ಲೂಥರನ್ ಸಭೆಯ ಬಿಳಿಯ ಪಾಸ್ಟರ್ ರಾಬರ್ಟ್ ಗ್ರೇಟ್ಸ್ ಬೆಳಿಗ್ಗೆ ಎದ್ದು ತಮ್ಮ ಕಾರಿನಲ್ಲಿ ಕೆಲಸದ ಹೆಂಗಸರನ್ನು ಬಿಟ್ಟುಬರುತ್ತಿದ್ದರು. ಅವರ ಕಾರಿನ ಟೈರು ಕೊಯ್ದರು. 1956ರ ಆಗಸ್ಟಿನಲ್ಲಿ ಮನೆಗೆ ಬಾಂಬ್ ಹಾಕಿದರು. ಊರ ಲೈಬ್ರರಿಯ ಜೂಲಿಯೆಟ್ ಮಾರ್ಗನ್ 1955ರ ಡಿಸೆಂಬರ್ 12ರ ಪತ್ರಿಕೆಯಲ್ಲಿ ಒಂದು ಕಾಗದ ಬರೆದು, ಈ ನಡಿಗೆಯನ್ನು ಗಾಂಧೀಜಿಯ ಉಪ್ಪಿನ ಸತ್ಯಾಗ್ರಹಕ್ಕೆ ಹೋಲಿಸಿದರು. ಆ ಹೋಲಿಕೆಯನ್ನು ಮೊದಲು ಮಾಡಿದವರು ಈಕೆಯೇ ಎಂದು ಕಿಂಗ್ ತಮ್ಮ ಪುಸ್ತಕದಲ್ಲಿ ಹೇಳಿದ್ದಾರೆ. ದಂಡಿಯ ಮರಳಿನ ಸುದ್ದಿ ಅಲ್ಲಿಗೆ ಒಬ್ಬ ಒಂಟಿ ಹೆಂಗಸಿನ ಕಾಗದದಲ್ಲಿ ಮುಟ್ಟಿತು. ಆಕೆಗೆ ರಾತ್ರಿಯೆಲ್ಲ ಬೈಗುಳದ ಫೋನು, ಕಿಟಕಿಗೆ ಕಲ್ಲು. ಗೆಳೆಯರು ದೂರವಾದರು. 1957ರ ಜುಲೈಯಲ್ಲಿ ತಾವೇ ಪ್ರಾಣ ಕಳೆದುಕೊಂಡರು. ಈಗ ಆ ಊರಿನ ಮುಖ್ಯ ಲೈಬ್ರರಿಗೆ ಅವರದೇ ಹೆಸರು.

ಬಿಳಿಯ ಗೃಹಿಣಿಯರ ಕಥೆ ಬೇರೆ. ಕೆಲಸದವಳು ಬರದಿದ್ದರೆ ಮನೆ ನಡೆಯುವುದು ಹೇಗೆ? ಅವರೇ ಕಾರು ತೆಗೆದುಕೊಂಡು ಹೋಗಿ ಕರೆತರತೊಡಗಿದರು. ಮೇಯರ್ ಸಿಟ್ಟಾಗಿ, ಕೆಲಸದವರನ್ನು ಕಾರಿನಲ್ಲಿ ಕರೆತರಬೇಡಿ ಎಂದು ಹೇಳಿಕೆ ಕೊಟ್ಟರು. ಹಾಗಿದ್ದರೆ ನೀವೇ ಬಂದು ಪಾತ್ರೆ ತೊಳೆಯಿರಿ ಎಂದು ಅವರು ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. 'ದಿ ಲಾಂಗ್ ವಾಕ್ ಹೋಮ್' ಎಂಬ 1990ರ ಸಿನಿಮಾ ಇಂಥದೇ ಒಂದು ಮನೆಯ ಕಥೆ.

ನನಗೆ ಎಲ್ಲರಿಗಿಂತ ಇಷ್ಟವಾದವರು ಜಾರ್ಜಿಯಾ ಗಿಲ್ಮೋರ್. ಆರು ಮಕ್ಕಳ ತಾಯಿ, ಊಟದ ಹೋಟೆಲಿನಲ್ಲಿ ಅಡಿಗೆಯವರು. ಕಾರುಗಳಿಗೆ ಪೆಟ್ರೋಲು ಬೇಡವೇ? ನೆರೆಯ ಹೆಂಗಸರನ್ನು ಸೇರಿಸಿ ಕೇಕು, ಕಡುಬು, ಕೋಳಿ ಸ್ಯಾಂಡ್‌ವಿಚ್ ಮಾಡಿ ಮಾರಿ, ಸಭೆಗಳಲ್ಲಿ ದುಡ್ಡು ತಂದು ಒಪ್ಪಿಸುತ್ತಿದ್ದರು. ಯಾರ ದುಡ್ಡು ಎಂದು ತಿಳಿದರೆ ಅವರ ಕೆಲಸ ಹೋಗುತ್ತಿತ್ತು. ಅದಕ್ಕೇ ತಮ್ಮ ಗುಂಪಿಗೆ 'ಎಲ್ಲಿಂದಲೂ ಅಲ್ಲದ ಕ್ಲಬ್ಬು' ಎಂಬರ್ಥದ ಹೆಸರಿಟ್ಟರು. ದುಡ್ಡು ಎಲ್ಲಿಂದ ಬಂತು? ಎಲ್ಲಿಂದಲೂ ಇಲ್ಲ! 1956ರ ಮಾರ್ಚಿನಲ್ಲಿ ಕಿಂಗ್ ಮೇಲಿನ ಮೊಕದ್ದಮೆಯಲ್ಲಿ ಸಾಕ್ಷಿ ಹೇಳಿ ಆಕೆ ಕೆಲಸ ಕಳೆದುಕೊಂಡರು. ಆಮೇಲೆ ಕಿಂಗ್ ಅವರ ನೆರವಿನಿಂದ ಮನೆಯಲ್ಲೇ ಊಟ ಹಾಕತೊಡಗಿದರು. ಆ ಅಡಿಗೆಮನೆಯ ಮೇಜಿನ ಸುತ್ತ ಎಷ್ಟೋ ತೀರ್ಮಾನಗಳಾದವು.

381 ದಿನ ನಡೆದರು. ಕೋರ್ಟಿನಲ್ಲಿ ಗೆದ್ದುಕೊಟ್ಟದ್ದು ನಾಲ್ವರು ಹೆಂಗಸರು ಹೂಡಿದ ದಾವೆ. ಆ ನಾಲ್ವರಲ್ಲಿ ಒಬ್ಬಳು ಹಿರಿಯರು ಬೇಡವೆಂದಿದ್ದ ಅದೇ ಕ್ಲಾಡೆಟ್. ಸುಪ್ರೀಂ ಕೋರ್ಟು 1956ರ ನವೆಂಬರ್ 13ರಂದು ತೀರ್ಪನ್ನು ಎತ್ತಿಹಿಡಿಯಿತು. ಆಕೆಯ ಬಾಲಾಪರಾಧದ ದಾಖಲೆಯನ್ನು ಅಳಿಸಿದ್ದು 2021ರಲ್ಲಿ. ಆಗ ಆಕೆಗೆ 82.

ಸಿನಿಮಾ, ಮಕ್ಕಳ ಪುಸ್ತಕ, ಶಾಲೆಯ ಭಾಷಣ ಎಲ್ಲದರಲ್ಲೂ ಉಳಿದದ್ದು ಕಾಲುನೋವಿನಿಂದ ಏಳಲಾರದೆ ಕೂತ ಸೌಮ್ಯ ದರ್ಜಿ ಹೆಂಗಸು ಮತ್ತು ಗಂಟಲು ತುಂಬ ಮಾತಾಡಿದ ಪಾಸ್ಟರು. ತಮಗೆ ಆ ದಿನ ಮೈ ದಣಿದಿರಲಿಲ್ಲ, ಸೋತು ಸೋತು ಸಾಕಾಗಿತ್ತು ಎಂದು ಪಾರ್ಕ್ಸ್ ಅವರೇ ಹೇಳಿಕೊಂಡರೂ ಕಥೆ ಬದಲಾಗಲಿಲ್ಲ. ಹತ್ತು ವರ್ಷ ಹೋರಾಟದ ಸಂಘದಲ್ಲಿ ದುಡಿದವರು ಅವರು. ನಾನೂ ಮಕ್ಕಳಿಗೆ ಕಾಲುನೋವಿನ ಕಥೆಯನ್ನೇ ಹೇಳಿದ್ದೆ. ಹೆಂಗಸು ದಣಿದು ಕೂತಳೆಂದರೆ ಕೇಳುವವರಿಗೆ ಹಿತ, ಯೋಚಿಸಿ ಕೂತಳೆಂದರೆ ಕಸಿವಿಸಿ.

ಮತ್ತೆ ರಾಬಿನ್ಸನ್? ಅವರ ಮನೆಯ ಕಿಟಕಿಗೆ ಕಲ್ಲು ಬಿತ್ತು, ಕಾರಿನ ಮೇಲೆ ಆಸಿಡ್ ಸುರಿದರು. ಸುರಿದವರು ಪೊಲೀಸ್ ಸಮವಸ್ತ್ರದಲ್ಲಿದ್ದರೆಂದು ಅವರು ಬರೆದಿದ್ದಾರೆ. 1960ರಲ್ಲಿ ವಿದ್ಯಾರ್ಥಿ ಚಳವಳಿಯ ನಂತರ ಸರ್ಕಾರ ಕಾಲೇಜಿನ ಅಧ್ಯಾಪಕರ ಮೇಲೆ ವಿಚಾರಣೆ ತಂದಾಗ ರಾಜೀನಾಮೆ ಕೊಟ್ಟರು. ಲೂಯಿಸಿಯಾನದಲ್ಲಿ ಒಂದು ವರ್ಷ ಪಾಠ ಹೇಳಿ, ದೂರದ ಲಾಸ್ ಏಂಜಲೀಸಿಗೆ ಹೋಗಿ, ಅಲ್ಲಿನ ಶಾಲೆಗಳಲ್ಲಿ 1976ರವರೆಗೆ ಮಕ್ಕಳಿಗೆ ಇಂಗ್ಲಿಷ್ ಕಲಿಸಿದರು. ಆ ರಾತ್ರಿಯ ಕಥೆಯನ್ನು ಅವರು ಪುಸ್ತಕವಾಗಿ ಹೊರತಂದದ್ದು 1987ರಲ್ಲಿ. ಅಷ್ಟು ಹೊತ್ತಿಗೆ ಅವರಿಗೆ 75 ವರ್ಷ.