ಕರಿಘಟ್ಟದ ಗುಣಿತಾಕ್ಷರ ಮತ್ತು ರೂಟಿಂಗ್ ನಿಯಮಗಳ ಚರಿತ್ರೆ

ವೆಬ್ ವಿಳಾಸವನ್ನು ಓದಿ ಅದನ್ನು ಯಾವ ಫಂಕ್ಷನ್ನಿಗೆ ಒಪ್ಪಿಸಬೇಕೆಂದು ಗೊತ್ತುಮಾಡುವ ವ್ಯವಸ್ಥೆಯೇ ರೂಟಿಂಗ್. ಅದರ ನಿಯಮಗಳ ಬರವಣಿಗೆ ವರ್ಷದಿಂದ ವರ್ಷಕ್ಕೆ ಸರಳವಾಗುತ್ತ ಬಂತು ಎಂಬುದು ಸಾಮಾನ್ಯ ನಿರೂಪಣೆ. ಮಂಡ್ಯ ಜಿಲ್ಲೆಯ ಊರ ಹೆಸರುಗಳನ್ನು ಎದುರಿಗಿಟ್ಟರೆ ಆ ಮಾತು ಅರ್ಧ ಮಾತ್ರ ನಿಜ.

ಮೊದಮೊದಲು ವಿಳಾಸವೆಂದರೆ ಸರ್ವರಿನಲ್ಲಿರುವ ಕಡತದ ದಾರಿ. 1996ರಲ್ಲಿ ರಾಲ್ಫ್ ಎಂಗೆಲ್‌ಶಾಲ್ ಅಪಾಚೆ ಸರ್ವರಿಗೆ ಬರೆದ ಮಾಡ್-ರೀರೈಟ್ ಆ ನಂಟನ್ನು ಕಡಿಯಿತು. ಆಮೇಲೆ ಬಂದ ವೆಬ್ ಚೌಕಟ್ಟು ರೈಲ್ಸ್‌ನಲ್ಲಿ ಕೋಲನ್ ಹಾಕಿ ಹೆಸರು ಬರೆದರೆ ಸಾಕಿತ್ತು. ಕ್ಯಾನ್ಸಸ್‌ನ ಲಾರೆನ್ಸ್ ಪಟ್ಟಣದ ಪತ್ರಿಕಾ ಕಚೇರಿಯಲ್ಲಿ ಹುಟ್ಟಿ 2005ರಲ್ಲಿ ಹೊರಬಂದ ಪೈಥಾನ್ ಭಾಷೆಯ ಚೌಕಟ್ಟು ಜಾಂಗೋ, ಅಕ್ಷರಗಳ ಮಾದರಿಯನ್ನು ಚಿಹ್ನೆಗಳಲ್ಲಿ ಬರೆಯುವ ರೆಗ್ಯುಲರ್ ಎಕ್ಸ್‌ಪ್ರೆಶನ್ನುಗಳನ್ನು ನೆಚ್ಚಿಕೊಂಡಿತು. ಓದಲು ಅವು ಮುಳ್ಳುಬೇಲಿ. 2017ರ ಡಿಸೆಂಬರಿನಲ್ಲಿ ಬಂದ ಜಾಂಗೋ 2.0, ಇನ್ನೊಂದು ಪೈಥಾನ್ ಚೌಕಟ್ಟಾದ ಫ್ಲಾಸ್ಕ್‌ನ ಮಾದರಿ ಹಿಡಿದು ‘ಇಂಟ್’, ‘ಸ್ಟ್ರ್’ (str), ‘ಸ್ಲಗ್’ ಎಂಬ ಸಿದ್ಧ ಪರಿವರ್ತಕಗಳನ್ನು ಕೊಟ್ಟಿತು.

ತೊಡಕು ಇರುವುದು ವಿಳಾಸದಲ್ಲಿ ಪುಟವನ್ನು ಗುರುತಿಸುವ ಹೆಸರಿನ ತುಣುಕಾದ ಸ್ಲಗ್‌ನಲ್ಲಿ. ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆ ಬಿಟ್ಟು ಬೇರೇನನ್ನೂ ಅದು ಒಳಬಿಡದು. ಲೋಕಪಾವನಿ ಕಾವೇರಿಯನ್ನು ಸೇರುವೆಡೆಯ ‘ಕರಿಘಟ್ಟ’ ಯೂನಿಕೋಡ್‌ನಲ್ಲಿ 7 ಸಂಕೇತ, 21 ಬೈಟ್. ವಿಳಾಸದಲ್ಲಿ ಶೇಕಡಾ ಚಿಹ್ನೆಗಳೊಡನೆ 63 ಚಿಹ್ನೆ. ಈ ಉದ್ದ ಕಣ್ಣಿಗೆ ಒರಟು, ಅಷ್ಟೆ. ರೂಟಿಂಗ್ ನಿಯಮದೊಡನೆ ಹೋಲಿಸುವ ಮೊದಲೇ ವಿಳಾಸ ಕನ್ನಡಕ್ಕೆ ಮರಳಿರುತ್ತದೆ. ನಿಜವಾದ ಪೆಟ್ಟು ಬೀಳುವುದು ಗುಣಿತಕ್ಕೆ. ಪೈಥಾನ್‌ನ ರೆಗ್ಯುಲರ್ ಎಕ್ಸ್‌ಪ್ರೆಶನ್ ಸ್ವರಚಿಹ್ನೆ, ಅನುಸ್ವಾರ, ವಿರಾಮಗಳನ್ನು ‘ಪದದ ಅಕ್ಷರ’ ಎಂದು ಎಣಿಸುವುದಿಲ್ಲ. ಹೀಗಾಗಿ 2015ರ ಜಾಂಗೋ 1.9ರಲ್ಲಿ ಸ್ಲಗ್ ತಯಾರಿಸುವ ಫಂಕ್ಷನ್ನಿಗೆ ಯೂನಿಕೋಡ್ ಅನುಮತಿ ಸೇರಿದ ಮೇಲೂ ‘ಕರಿಘಟ್ಟ’ ಅಲ್ಲಿಂದ ‘ಕರಘಟಟ’ವಾಗಿ ಬರುತ್ತದೆ, ನಾಗಮಂಗಲ ‘ನಗಮಗಲ’, ಪಾಂಡವಪುರ ‘ಪಡವಪರ’. ಕೆರೆ, ಕುರಿ, ಕಾರು ಮೂರೂ ‘ಕರ’. ಮೂರು ಪುಟಗಳು ಒಂದೇ ವಿಳಾಸಕ್ಕೆ ಜಗಳವಾಡುತ್ತವೆ.

ಕೆ.ಆರ್.ಪೇಟೆಯ ಗೋಳು ರೈಲ್ಸ್‌ನಲ್ಲಿ. ಅಲ್ಲಿ ಚುಕ್ಕಿಯೆಂದರೆ ಕಡತದ ಬಗೆ ತಿಳಿಸುವ ಗುರುತು. ‘ಕೆ’ ಊರಾಯಿತು, ‘ಆರ್’ ಕಡತದ ಬಗೆಯಾಯಿತು, ‘ಪೇಟೆ’ಗೆ ಜಾಗವೇ ಇಲ್ಲ, ಕೊನೆಗೆ ಪುಟವೇ ಸಿಗುವುದಿಲ್ಲ. ಹೆಸರನ್ನು ಕೃಷ್ಣರಾಜಪೇಟೆ ಎಂದು ಬಿಡಿಸಿ ಬರೆಯಬಹುದು ನಿಜ, ಆದರೆ ಬಸ್ಸಿನ ಬೋರ್ಡಿನಲ್ಲಿ ಸಾಮಾನ್ಯವಾಗಿ ಹಾಗೆ ಬರೆಯುವುದಿಲ್ಲ. ಇನ್ನು ಶ್ರೀರಂಗಪಟ್ಟಣದ ‘ಶ್ರೀ’ಯ ದೀರ್ಘವನ್ನು ಒಂದೇ ಸಂಕೇತದಿಂದಲೂ ಬರೆಯಬಹುದು, ಎರಡರಿಂದಲೂ ಬರೆಯಬಹುದು. ಕಣ್ಣಿಗೆ ಒಂದೇ, ರೂಟರಿಗೆ ಬೇರೆ ಬೇರೆ.

ಈ ನಿಯಮಗಳನ್ನು ರೂಪಿಸಿದವರು ಕನ್ನಡವನ್ನು ಬೇಕೆಂದು ಹೊರಗಿಟ್ಟರು ಎನ್ನಲಾಗದು. ಅಕ್ಷರಕ್ಕೆ ಕೊಂಬು, ದೀರ್ಘ, ಒತ್ತು ಇರಬಹುದೆಂಬುದು ಅವರ ಲೆಕ್ಕಕ್ಕೇ ಬಂದಂತಿಲ್ಲ. ಕನ್ನಡದಲ್ಲಿ ತಾಣ ಕಟ್ಟುವವರು ಸ್ಲಗ್ ಬಿಟ್ಟು ‘ಸ್ಟ್ರ್’ ಪರಿವರ್ತಕ ಬಳಸಲಿ, ಹೋಲಿಸುವ ಮುನ್ನ ಯೂನಿಕೋಡ್ ರೂಪವನ್ನು ಏಕರೂಪಗೊಳಿಸಲಿ, ಹೆಸರಿನ ಜೊತೆಗೊಂದು ಸಂಖ್ಯೆಯನ್ನೂ ಇಡಲಿ.