ಹಾಲಿನ ಹೆಸರು ಹೊತ್ತ ಹಾರ್ಮೋನು: ಪ್ರೊಲ್ಯಾಕ್ಟಿನ್ ಹೆಚ್ಚಳದ ಚರಿತ್ರೆ

ಬಸಿರೂ ಅಲ್ಲದ, ಹೆತ್ತೂ ಇಲ್ಲದ ಹೆಂಗಸಿನ ಎದೆಯಲ್ಲಿ ಹಾಲು ಕಂಡರೆ ಅವಳ ಮುಟ್ಟು ನಿಂತಿದೆಯೆಂದು ತಿಳಿಯಬೇಕು ಎಂಬ ಅರ್ಥದ ಸೂತ್ರವೊಂದು ಹಿಪಾಕ್ರಟೀಸನ ಹೆಸರಿನಲ್ಲಿದೆ. ನಂಟು ಅಷ್ಟು ಹಿಂದೆಯೇ ಗೊತ್ತಿದ್ದರೂ ಅದರ ಹಿಂದಿನ ಹಾರ್ಮೋನು ಮನುಷ್ಯರ ರಕ್ತದಲ್ಲಿ ಸಿಕ್ಕಿದ್ದು 1970ರ ಹೊತ್ತಿಗೆ. ಈ ವಿಳಂಬಕ್ಕೆ ಒಂದು ಮುಖ್ಯ ಕಾರಣ, ಕಣ್ಣಿಗೆ ಬೀಳುವ ಹಾಲನ್ನೇ ರೋಗದ ತಿರುಳೆಂದು ಹಿಡಿದದ್ದು. 1855ರಲ್ಲಿ ವಿಯೆನ್ನಾದ ಕಿಯಾರಿ, 1882ರಲ್ಲಿ ಫ್ರೊಮೆಲ್ ವರ್ಣಿಸಿದ್ದು ಮಗು ಮೊಲೆ ಬಿಟ್ಟರೂ ಹಾಲು ಬತ್ತದ, ಮುಟ್ಟು ಮರಳದ ಬಾಣಂತಿಯರನ್ನು. 1932ರಲ್ಲಿ ಅರ್ಜೆಂಟೀನಾದ ಆಹುಮಾದಾ ಮತ್ತು ದೆಲ್ ಕಾಸ್ತಿಯೊ ಹೆರಿಗೆಯ ಸಂಬಂಧವಿಲ್ಲದೆಯೇ ಇದನ್ನು ಕಂಡರು. 1954ರಲ್ಲಿ ಫೋರ್ಬ್ಸ್, ಆಲ್ಬ್ರೈಟ್ ಮತ್ತು ಸಂಗಡಿಗರು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಗೆಡ್ಡೆಯ ಜೊತೆಗೆ ಕಂಡರು. ಹಾಲು ಯಾವ ಸಂದರ್ಭದಲ್ಲಿ ಬಂತು ಎಂಬುದರ ಮೇಲೆ ಮೂರು ಹೆಸರುಗಳು ಹುಟ್ಟಿ, ಒಂದೇ ಏರುಪೇರು ಮೂರು ರೋಗಗಳಾಗಿ ಪುಸ್ತಕ ಸೇರಿತು.

ದೋಷ ದೃಷ್ಟಿಯದಲ್ಲ, ಅಳೆಯುವ ಸಾಧನವೇ ಇರಲಿಲ್ಲ ಎಂದು ಆಕ್ಷೇಪಿಸಬಹುದು. ಆದರೆ ಸಾಧನವೂ ಹಾಲಿನದೇ ಆಗಿತ್ತು. 1928ರಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಸ್ಟ್ರಿಕರ್ ಮತ್ತು ಗ್ರ್ಯೂಟರ್ ಪಿಟ್ಯುಟರಿಯ ಸಾರದಿಂದ ಮೊಲಗಳಲ್ಲಿ ಹಾಲು ಬರಿಸಿದರು. ಅಮೆರಿಕದ ಆಸ್ಕರ್ ರಿಡ್ಲ್ 1930ರ ದಶಕದ ಮೊದಲಲ್ಲಿ ಪ್ರೊಲ್ಯಾಕ್ಟಿನ್ ಎಂಬ ಹೆಸರಿಟ್ಟ. ಅವನ ಅಳತೆಗೋಲು ಪಾರಿವಾಳ. ಸಾರವನ್ನು ಕೆಲವು ದಿನ ಚುಚ್ಚಿದರೆ ಕಾಳು ಕೂಡಿಡುವ ಗಂಟಲಚೀಲದ ಒಳಪದರ ದಪ್ಪಗಾಗುತ್ತದೆ. ಹಕ್ಕಿಯನ್ನು ಕೊಂದು ಆ ಚೀಲವನ್ನು ತೂಗಿದರೆ ಹಾರ್ಮೋನಿನ ಬಲ ತಿಳಿಯುತ್ತದೆ. (ಆ ಒಳಪದರದಿಂದ ಬರುವ 'ಹಾಲನ್ನು' ಮರಿಗಳಿಗೆ ಉಣಿಸುವ ಕೆಲಸದಲ್ಲಿ ಗಂಡು ಪಾರಿವಾಳಕ್ಕೂ ಸಮಪಾಲಿದೆ, ಆ ಸುಳಿವು ಮಾತ್ರ ಗಂಡಸರ ವೈದ್ಯಕ್ಕೆ ತಲುಪಲಿಲ್ಲ.) ಮನುಷ್ಯರ ಬೆಳವಣಿಗೆಯ ಹಾರ್ಮೋನಿಗೂ ಹಾಲೂಡಿಸುವ ಗುಣವಿದೆ. ಗುಣವನ್ನಷ್ಟೇ ಅಳೆದವರಿಗೆ ಎರಡೂ ಒಂದೇ ಎನಿಸಿ, ಮನುಷ್ಯರಲ್ಲಿ ಬೇರೆ ಪ್ರೊಲ್ಯಾಕ್ಟಿನ್ ಇದೆಯೇ ಎಂಬ ಶಂಕೆ ದಶಕಗಳ ಕಾಲ ಉಳಿಯಿತು. 1970ರಲ್ಲಿ ಫ್ರಾಂಟ್ಸ್ ಮತ್ತು ಕ್ಲೈನ್‌ಬರ್ಗ್ ಇವೆರಡನ್ನೂ ಬೇರ್ಪಡಿಸಿ ತೋರಿಸಿದರು. ಮರುವರ್ಷ ಹೆನ್ರಿ ಫ್ರೀಸೆನ್ ತಂಡ ಕೊಟ್ಟ ಪರೀಕ್ಷೆ ಅಣುವನ್ನು ಅದರ ರೂಪದಿಂದಲೇ ಗುರುತಿಸಿತು, ಅದು ಮಾಡುವ ಕೆಲಸದಿಂದಲ್ಲ. ಹಾಲನ್ನು ಬದಿಗಿಟ್ಟ ಮೇಲೆಯೇ ಹಾರ್ಮೋನು ಸ್ಪಷ್ಟವಾಯಿತು.

ರೋಗದ ಮೂಲವೂ ಎದೆಯಲ್ಲಿರಲಿಲ್ಲ. 1954ರಲ್ಲಿ ಎವರೆಟ್ ಇಲಿಯ ಪಿಟ್ಯುಟರಿಯನ್ನು ಕಿತ್ತು ಮೂತ್ರಪಿಂಡದ ಪೊರೆಯಡಿ ನೆಟ್ಟಾಗ, ಮಿದುಳಿನಿಂದ ದೂರವಾದ ಆ ಗ್ರಂಥಿ ಪ್ರೊಲ್ಯಾಕ್ಟಿನ್ ಸುರಿಸುತ್ತಲೇ ಇತ್ತು. ಆ ಗ್ರಂಥಿಯ ಉಳಿದ ಹಾರ್ಮೋನುಗಳಿಗೆ ಮಿದುಳಿನ ಪ್ರಚೋದನೆ ಬೇಕು. ಇದಕ್ಕೆ ಬೇಕಾದದ್ದು ಅಂಕೆ. ಆ ಅಂಕೆ ಮಿದುಳಿನ ರಾಸಾಯನಿಕವಾದ ಡೋಪಮಿನ್ ಎಂದು ತಿಳಿಯಲು ಔಷಧಗಳ ಅಡ್ಡಪರಿಣಾಮಗಳೂ ನೆರವಾದವು. ನಮ್ಮ ಸರ್ಪಗಂಧದ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರೆಸರ್ಪಿನ್ ಡೋಪಮಿನ್ ದಾಸ್ತಾನನ್ನು ಬರಿದು ಮಾಡುತ್ತದೆ, ಮನೋರೋಗದ ಔಷಧವಾದ ಕ್ಲೋರ್‌ಪ್ರೊಮಜೀನ್ ಅದರ ಕೆಲಸವನ್ನು ತಡೆಯುತ್ತದೆ. ಎರಡೂ ಕೆಲವರಲ್ಲಿ ಹಾಲು ಬರಿಸಿದವು. ರೈ ಧಾನ್ಯದ ಶಿಲೀಂಧ್ರವಾದ ಎರ್ಗಟ್‌ನ ಮೂಲದಿಂದ ಸ್ಯಾಂಡೋಜ್ ಔಷಧ ಕಂಪನಿ ರೂಪಿಸಿದ ಬ್ರೋಮೋಕ್ರಿಪ್ಟಿನ್ ಡೋಪಮಿನ್‌ನಂತೆಯೇ ವರ್ತಿಸಿ ಹಾಲು ನಿಲ್ಲಿಸಿತು, ಮುಟ್ಟು ಮರಳಿಸಿತು, ಎಷ್ಟೋ ಗೆಡ್ಡೆಗಳನ್ನು ಕುಗ್ಗಿಸಿತು.

ಹಾಲು ಇಂದಿಗೂ ಉಪಯುಕ್ತ ಸುಳಿವೇ ಅಲ್ಲವೇ ಎಂದರೆ, ಹೌದು. ಆದರೆ ಪ್ರೊಲ್ಯಾಕ್ಟಿನ್ ಏರಿದ ಎಷ್ಟೋ ಹೆಂಗಸರಲ್ಲಿ ಹಾಲೇ ಇರುವುದಿಲ್ಲ. ಹಾಲಿರುವ ಕೆಲವರಲ್ಲಿ ಪ್ರೊಲ್ಯಾಕ್ಟಿನ್ ಮಟ್ಟ ಸರಿಯಾಗಿಯೇ ಇರುತ್ತದೆ. ಹೆಚ್ಚಿನ ಹಾನಿ ನಡೆಯುವುದು ಬೇರೆಡೆ: ಮಿದುಳು ಅಂಡಾಶಯಕ್ಕೂ ವೃಷಣಕ್ಕೂ ಕಳಿಸುವ ಸಂದೇಶ ಕುಂದುತ್ತದೆ, ಮುಟ್ಟು ತಪ್ಪುತ್ತದೆ, ಗರ್ಭ ನಿಲ್ಲುವುದಿಲ್ಲ, ಈಸ್ಟ್ರೋಜನ್ ಇಳಿದು ಮೂಳೆ ಸವೆಯುತ್ತದೆ. ಥೈರಾಯ್ಡ್ ಕುಂದಿದ್ದರಿಂದಲೂ ಪ್ರೊಲ್ಯಾಕ್ಟಿನ್ ಏರಬಹುದಾದ್ದರಿಂದ ಅದರ ಪರೀಕ್ಷೆ ಮೊದಲು ಆಗಬೇಕು. ಗಂಡಸರಲ್ಲಿ ಕಾಮಾಸಕ್ತಿ ಇಳಿಯುತ್ತದೆ; ಅದನ್ನು ವಯಸ್ಸಿನ ಲೆಕ್ಕಕ್ಕೋ ಚಿಂತೆಯ ಲೆಕ್ಕಕ್ಕೋ ಹಾಕಿ ಸುಮ್ಮನಾಗುತ್ತಾರೆ. ಹಾಗಾಗಿ ಅವರ ಗೆಡ್ಡೆ ಸಾಮಾನ್ಯವಾಗಿ ಪತ್ತೆಯಾಗುವುದು ದೊಡ್ಡದಾದ ಮೇಲೆ, ಕೆಲವೊಮ್ಮೆ ದೃಷ್ಟಿನರಗಳನ್ನು ಒತ್ತಿ ಎರಡೂ ಬದಿಯ ನೋಟ ಮಂಕಾಗಿ, ಪಕ್ಕದಿಂದ ಬರುವ ವಾಹನ ಕಾಣದಂತಾದಾಗ.