‘ನಾನೇ ಕಾನೂನು’ ಎಂದ ಮೇಯರ್

ಹೋದ ಚಳಿಗಾಲದಲ್ಲಿ ನಮ್ಮ ಗೆಳೆಯರೊಬ್ಬರು ಎಡಿಸನ್ ಬಿಟ್ಟು ಜರ್ಸಿ ಸಿಟಿಗೆ ಮನೆ ಬದಲಾಯಿಸಿದರು. ಪೆಟ್ಟಿಗೆ ಹೊರೋದಕ್ಕೆ ಅಂತ ಹಿಲ್ಸ್‌ಬರೋದಿಂದ ನಾವು ಮೂರು ಜನ ಹೋಗಿದ್ವಿ. ಬಿಲ್ಡಿಂಗ್ ಹೆಸರು ಬೀಕನ್. ದಿಬ್ಬದ ಮೇಲೆ ಕೋಟೆ ಹಾಗೆ ಎದ್ದು ನಿಂತ ಇಟ್ಟಿಗೆಯ ಗೋಪುರಗಳು. ಒಳಗೆ ಕಾಲಿಟ್ಟರೆ ಅರಮನೆಯ ಹಜಾರ. ‘ಇಷ್ಟು ದೊಡ್ಡ ಹೋಟೆಲ್ ಯಾರು ಕಟ್ಟಿದ್ರಪ್ಪ ಇಲ್ಲಿ?’ ಅಂದೆ. ‘ಹೋಟೆಲ್ ಅಲ್ಲ ಮಾರಾಯ, ಇದು ಆಸ್ಪತ್ರೆಯಾಗಿತ್ತಂತೆ. ದುಡ್ಡಿಲ್ಲದವರಿಗೆ ಬಿಟ್ಟಿ ಚಿಕಿತ್ಸೆ ಕೊಡ್ತಿದ್ದರಂತೆ’ ಅಂದರು ಗೆಳೆಯರು.

ಬಿಟ್ಟಿ ಆಸ್ಪತ್ರೆ, ಅದೂ ಅಮೆರಿಕದಲ್ಲಿ! ಆಂಬ್ಯುಲೆನ್ಸ್ ಹತ್ತೋದಕ್ಕೆ ಮುಂಚೆ ಇನ್ಶೂರೆನ್ಸ್ ಕಾರ್ಡ್ ತಡಕಾಡುವ ನಮಗೆ ಇದನ್ನು ನಂಬೋದು ಕಷ್ಟ. ಆ ರಾತ್ರಿ ಮನೆಗೆ ಬಂದು ಓದಲು ಶುರುಮಾಡಿದವನು ವಾರಗಟ್ಟಲೆ ಓದಿದೆ. ಓದಿದ್ದೆಲ್ಲ ಒಬ್ಬನೇ ಮನುಷ್ಯನ ಕಥೆ. ಫ್ರಾಂಕ್ ಹೇಗ್ ಅಂತ ಅವನ ಹೆಸರು. 1917ರಿಂದ 1947ರವರೆಗೆ, ಮೂವತ್ತು ವರ್ಷ, ಜರ್ಸಿ ಸಿಟಿಯ ಮೇಯರ್. ಬೆಂಗಳೂರಿನ ಮೇಯರ್‌ಗೆ ಕುರ್ಚಿ ಇರುತ್ತಿದ್ದದ್ದು ಒಂದೇ ವರ್ಷ. ನಮ್ಮ ಹಿಲ್ಸ್‌ಬರೋದಲ್ಲೂ ಅಷ್ಟೇ. ಐದು ಜನರ ಟೌನ್‌ಶಿಪ್ ಕಮಿಟಿ ಪ್ರತಿ ಜನವರಿಯಲ್ಲಿ ತಮ್ಮಲ್ಲೇ ಒಬ್ಬರನ್ನು ಮೇಯರ್ ಮಾಡಿಕೊಳ್ಳುತ್ತದೆ. ಹಾಗೆ ಮೇಯರ್ ಆಗಿದ್ದ ಪೀಟರ್ ಬಿಯೊಂಡಿ ಅವರ ಹೆಸರು ಈಗ ನಮ್ಮ 206ರ ಬೈಪಾಸ್ ರಸ್ತೆಗಿದೆ. ಹಾಗಿರುವಾಗ ಮೂವತ್ತು ವರ್ಷ ಒಬ್ಬನೇ ಕೂತಿದ್ದಾನೆ ಅಂದರೆ ಏನೋ ಇರಲೇಬೇಕು ಅನ್ನಿಸಿತು.

ಹೇಗ್ ಹುಟ್ಟಿದ್ದು 1876ರ ಜನವರಿ 17ರಂದು, ಜರ್ಸಿ ಸಿಟಿಯ ಹಾರ್ಸ್‌ಶೂ ಅನ್ನೋ ಕೇರಿಯಲ್ಲಿ. ಹಾರ್ಸ್‌ಶೂ ಅಂದರೆ ಕುದುರೆ ಲಾಳ. ವಲಸೆ ಬಂದ ಐರಿಷ್ ಜನರ ವೋಟೆಲ್ಲ ಒಂದೇ ಕಡೆ ಬೀಳಲಿ, ಬೇರೆ ಕ್ಷೇತ್ರಗಳು ತಮಗೆ ಉಳಿಯಲಿ ಅಂತ 1871ರಲ್ಲಿ ರಿಪಬ್ಲಿಕನ್ನರು ಕ್ಷೇತ್ರದ ಗಡಿಯನ್ನು ಲಾಳದ ಆಕಾರಕ್ಕೆ ಬಗ್ಗಿಸಿದ್ದರು. ಅದಕ್ಕೇ ಆ ಹೆಸರು. ಅಪ್ಪ ಅಮ್ಮ ಐರ್ಲೆಂಡಿನ ಕ್ಯಾವನ್ ಎಂಬ ಹಳ್ಳಿಗಾಡಿನಿಂದ ಬಂದವರು. ಮನೆ ತುಂಬ ಮಕ್ಕಳು. ಹುಡುಗ ಆರನೇ ಕ್ಲಾಸಿಗೇ ಸ್ಕೂಲಿನಿಂದ ಹೊರಗೆ, ಬಿಟ್ಟದ್ದಲ್ಲ, ಓಡಿಸಿದ್ದು. ಈರಿ ರೈಲ್ವೆ ಯಾರ್ಡಿನಲ್ಲಿ ಕಮ್ಮಾರನ ಕೈಕೆಳಗೆ ಸುತ್ತಿಗೆ ಹೊಡೆದ. ಆಮೇಲೆ ಒಬ್ಬ ಬಾಕ್ಸರ್‌ಗೆ ಮ್ಯಾನೇಜರ್ ಆಗಿ ಒಳ್ಳೆ ಸೂಟು ಹಾಕೋದನ್ನು ಕಲಿತ.

ರಾಜಕೀಯಕ್ಕೆ ಬಂದದ್ದು ಹೆಂಡದಂಗಡಿಯ ಬಾಗಿಲಿಂದ. ಆಗ ಕೇರಿಯ ರಾಜಕೀಯವೆಲ್ಲ ನಡೀತಿದ್ದದ್ದು ಅಲ್ಲೇ. ಕಾನ್‌ಸ್ಟೇಬಲ್ ಹುದ್ದೆಗೂ ಚುನಾವಣೆ ಇದ್ದ ಕಾಲ ಅದು. ಒಬ್ಬ ಅಂಗಡಿಯವನು 75 ಡಾಲರ್ ಕೈಗಿಟ್ಟು ‘ಹೋಗು, ಸ್ನೇಹಿತರನ್ನ ಮಾಡ್ಕೊಂಡು ಬಾ’ ಅಂತ ಕಳಿಸಿದನಂತೆ. ಹೇಗ್ ಗೆದ್ದ. ಅಲ್ಲಿಂದ ಮುಂದಕ್ಕೆ ಅವನು ಹಿಡಿದ ದಾರಿ ನಮ್ಮೂರ ಕಡೆಯವರಿಗೆ ಹೊಸದೇನಲ್ಲ. ಯಾರ ಮನೆಯಲ್ಲಿ ಸಾವಾಯ್ತು, ಯಾರ ಮಗ ಲಾಕಪ್ಪಿನಲ್ಲಿದ್ದಾನೆ, ಯಾರ ಮನೆಗೆ ಕಲ್ಲಿದ್ದಲು ಇಲ್ಲ, ಎಲ್ಲ ಗೊತ್ತಿರಬೇಕು, ಎಲ್ಲದಕ್ಕೂ ಹೋಗಬೇಕು. 1904ರಲ್ಲಿ ಕೇರಿಯ ಹಳೆಯ ಗೆಳೆಯನೊಬ್ಬ ಖೋಟಾ ಚೆಕ್ ಕೇಸಿನಲ್ಲಿ ಬಾಸ್ಟನ್ ಕಡೆ ಸಿಕ್ಕಿಬಿದ್ದ. ಹೇಗ್ ಸರ್ಕಾರಿ ಕರ್ತವ್ಯ ಬಿಟ್ಟು ಅಲ್ಲಿಗೆ ಹೋಗಿ, ‘ಆ ದಿನ ಇವನನ್ನು ಜರ್ಸಿ ಸಿಟಿಯಲ್ಲೇ ನೋಡಿದ್ದೆ’ ಅಂತ ಸಾಕ್ಷಿ ಹೇಳಿದ. ಪೇಪರಿನವರು ಉಗಿದರು. ಕೇರಿಯವರು ಮಾತ್ರ ‘ನಮ್ಮವನಿಗೋಸ್ಕರ ಅಷ್ಟು ದೂರ ಹೋದನಲ್ಲ’ ಅಂದರು. ಹೇಗ್‌ಗೆ ವೋಟು ಬಂದದ್ದು ಪೇಪರಿನಿಂದಲ್ಲ, ಕೇರಿಯಿಂದ.

ನನಗೆ ನಮ್ಮೂರ ಗೌಡರ ಜಗಲಿ ನೆನಪಾಯಿತು. ಅರಸೀಕೆರೆ ಸೀಮೆಯ ನಮ್ಮ ಹಳ್ಳಿಯಲ್ಲಿ, ಒಂದು ಆದಾಯದ ಸರ್ಟಿಫಿಕೇಟಿಗೂ ನಮ್ಮಪ್ಪ ಬೆಳಿಗ್ಗೆ ಆರಕ್ಕೇ ಆ ಜಗಲಿ ಮೇಲೆ ಹೋಗಿ ಕೂರುತ್ತಿದ್ದರು. ಗೌಡರು ಎದ್ದು, ಹಲ್ಲುಜ್ಜಿ, ಕಾಫಿ ಕುಡಿದು, ‘ಏನ್ಲಾ ಬಂದೆ?’ ಅನ್ನೋವರೆಗೂ ಬಾಯಿ ಬಿಡೋ ಹಾಗಿಲ್ಲ. ಆದರೆ ಒಂದು ಮಾತು, ಕೆಲಸ ಆಗುತ್ತಿತ್ತು. ನನ್ನ ಕಾಲೇಜಿನ ಸೀಟಿಗೂ ಅವರದೇ ಫೋನು ಹೋಗಿತ್ತು. ಅಪ್ಪ ಸಾಯೋವರೆಗೂ ಅವರು ಹೇಳಿದ ಗುರುತಿಗೇ ವೋಟು ಹಾಕಿದರು. ಅದನ್ನು ಗುಲಾಮಗಿರಿ ಅನ್ನೋದಕ್ಕೆ ನನಗೆ ಇವತ್ತಿಗೂ ನಾಲಿಗೆ ಬರೋದಿಲ್ಲ.

ಹೇಗ್ 1913ರಲ್ಲಿ ನಗರದ ಕಮಿಷನರ್ ಆಗಿ ಪೊಲೀಸ್ ಇಲಾಖೆ ಹಿಡಿದ. ಕುಡಿದು ಡ್ಯೂಟಿಗೆ ಬರುವವರನ್ನು, ಮಲಗುವವರನ್ನು ಕಿತ್ತುಹಾಕಿದ. ಒಳ್ಳೆ ಹೆಸರು ಬಂತು. ಅದರ ಜೊತೆಗೆ ಯಾರು ಎಲ್ಲಿ ಏನು ಮಾಡ್ತಾರೆ ಅನ್ನೋ ಸುದ್ದಿಯೂ ಅವನ ಮೇಜಿಗೆ ಬರತೊಡಗಿತು. ನಾಲ್ಕೇ ವರ್ಷದಲ್ಲಿ ಮೇಯರ್. ಬಂದ ಕೂಡಲೇ ರೈಲ್ವೆ ಕಂಪನಿಗಳು, ಸ್ಟ್ಯಾಂಡರ್ಡ್ ಆಯಿಲ್ ಮುಂತಾದ ದೊಡ್ಡವರ ಆಸ್ತಿ ತೆರಿಗೆಯನ್ನು ಹಲವು ಪಟ್ಟು ಏರಿಸಿದ. ನದಿ ದಂಡೆಯ ಒಳ್ಳೊಳ್ಳೆ ಜಾಗವೆಲ್ಲ ರೈಲ್ವೆಯವರ ಕೈಲಿ. ಅವರು ಕಟ್ಟುತ್ತಿದ್ದದ್ದು ಚಿಲ್ಲರೆ ಕಾಸು. ರಾಜ್ಯದ ತೆರಿಗೆ ಮಂಡಳಿ ಅವನ ಏರಿಕೆಯನ್ನು ಹೊಡೆದುಹಾಕಿತು. ಮಂಡಳಿಯ ಸದಸ್ಯರನ್ನು ನೇಮಿಸೋದು ಯಾರು? ಗವರ್ನರ್. ಸರಿ, ಹಾಗಾದರೆ ಗವರ್ನರೇ ನಮ್ಮವನಾಗಲಿ ಅಂತ ಹೇಗ್ ಹೊರಟ. ಅವನ ಬೆಂಬಲದ ಹ್ಯಾರಿ ಮೂರ್ ಮೂರು ಸಲ ಗವರ್ನರ್ ಆದ. ಹಡ್ಸನ್ ಕೌಂಟಿಯಿಂದ ಬರುತ್ತಿದ್ದ ಭಾರೀ ಬಹುಮತ ರಾಜ್ಯದ ಉಳಿದ ಭಾಗದ ಸೋಲನ್ನು ಮುಚ್ಚಿಬಿಡುತ್ತಿತ್ತು. ಸತ್ತವರೂ ಬಂದು ವೋಟು ಹಾಕ್ತಾರೆ ಅಂತ ವಿರೋಧಿಗಳು ಆಡಿಕೊಳ್ಳುತ್ತಿದ್ದರು.

1932ರಲ್ಲಿ ಹೇಗ್ ಮೊದಲು ನಿಂತದ್ದು ರೂಸ್‌ವೆಲ್ಟ್ ವಿರುದ್ಧ. ರೂಸ್‌ವೆಲ್ಟ್ ಅಭ್ಯರ್ಥಿ ಆದದ್ದೇ ತಡ, ಪ್ಲೇಟು ಬದಲಾಯಿಸಿದ. ಆ ಆಗಸ್ಟ್‌ನಲ್ಲಿ ಸೀ ಗರ್ಟ್ ಎಂಬ ಕಡಲತೀರದ ಊರಿಗೆ ರೈಲು, ಬಸ್ಸುಗಳಲ್ಲಿ ಒಂದು ಲಕ್ಷಕ್ಕೂ ಮೀರಿ ಜನರನ್ನು ತಂದು ಸೇರಿಸಿ ಸಭೆ ಮಾಡಿಸಿದ. ನಮ್ಮಲ್ಲಿ ಲಾರಿ ತುಂಬಿಸಿ ಜನ ತರ್ತಾರೆ ಅಂತ ನಗುವ ಅಮೆರಿಕನ್ ಸಹೋದ್ಯೋಗಿ ಸಿಕ್ಕರೆ ಇದನ್ನು ಹೇಳಿ. ರೂಸ್‌ವೆಲ್ಟ್ ಗೆದ್ದ ಮೇಲೆ ನ್ಯೂಜರ್ಸಿಗೆ ಬಂದ ಕೇಂದ್ರದ ದುಡ್ಡು, ಕೆಲಸ ಎಲ್ಲ ಹೇಗ್ ಕೈ ಮೂಲಕವೇ ಹರಿಯಿತು. ಮಹಾ ಕುಸಿತದ ಕಾಲ. ಒಂದು ಕೆಲಸದ ಚೀಟಿ ಅಂದರೆ ಒಂದು ಮನೆಯ ಒಲೆ.

ಆ ದುಡ್ಡಿನಿಂದಲೂ ನಗರದ ದುಡ್ಡಿನಿಂದಲೂ ಎದ್ದದ್ದೇ ಜರ್ಸಿ ಸಿಟಿ ಮೆಡಿಕಲ್ ಸೆಂಟರ್. 1931ರಲ್ಲಿ ತಾಯಿಯ ಹೆಸರಿನ ಮಾರ್ಗರೆಟ್ ಹೇಗ್ ಹೆರಿಗೆ ಆಸ್ಪತ್ರೆ ತೆರೆಯಿತು. 1936ರ ಅಕ್ಟೋಬರ್‌ನಲ್ಲಿ ರೂಸ್‌ವೆಲ್ಟ್ ಖುದ್ದು ಬಂದು ಮೆಡಿಕಲ್ ಸೆಂಟರನ್ನು ಉದ್ಘಾಟಿಸಿದರು. ಕೊಡಲು ಆಗದವರಿಗೆ ದುಡ್ಡಿಲ್ಲ, ಆಗುವವರಿಗೆ ಅಲ್ಪಸ್ವಲ್ಪ. ಜರ್ಸಿ ಸಿಟಿಯ ಎಷ್ಟೋ ಹಳಬರು ಇವತ್ತಿಗೂ ‘ನಾನು ಮಾರ್ಗರೆಟ್ ಹೇಗ್‌ನಲ್ಲಿ ಹುಟ್ಟಿದೋನು’ ಅಂತ ಹೆಮ್ಮೆಯಿಂದ ಹೇಳಿಕೊಳ್ಳೋದುಂಟು. ನನ್ನ ಮಗಳು ಹುಟ್ಟಿದಾಗ ಬಂದ ಬಿಲ್ಲನ್ನು ನಾವು ಹದಿನೆಂಟು ಕಂತಿನಲ್ಲಿ ಕಟ್ಟಿದೆವು. ಹಾಗಾಗಿ ಇಲ್ಲಿ ನಾನು ಪಕ್ಷಪಾತಿ ಅಂತ ನೀವು ಅಂದುಕೊಂಡರೆ ತಪ್ಪಿಲ್ಲ.

ಈಗ ಇನ್ನೊಂದು ಮಗ್ಗುಲು. ಹೇಗ್‌ನ ಸಂಬಳ ವರ್ಷಕ್ಕೆ ಸುಮಾರು 8,500 ಡಾಲರ್. ಆದರೆ ಅವನಿಗೆ ಡೀಲ್ ಎಂಬ ಊರಿನ ಸಮುದ್ರದ ಪಕ್ಕ ಬೇಸಿಗೆ ಮನೆ, ಚಳಿಗೆ ಫ್ಲಾರಿಡಾ, ಮ್ಯಾನ್‌ಹಟನ್ನಿನಲ್ಲಿ ಅಪಾರ್ಟ್‌ಮೆಂಟು, ಯುರೋಪ್ ಪ್ರವಾಸ. ನಗರದ ನೌಕರರು ಸಂಬಳದ ಶೇಕಡಾ 3ನ್ನು ‘ಪಕ್ಷದ ನಿಧಿ’ಗೆ ಕೊಡಲೇಬೇಕಿತ್ತು. ಇಷ್ಟೆಲ್ಲ ಎಲ್ಲಿಂದ ಬಂತು ಅಂತ 1920ರ ದಶಕದ ಕೊನೆಯಲ್ಲಿ ಶಾಸನಸಭೆಯ ಸಮಿತಿ ಕೂರಿಸಿ ಕೇಳಿದರೆ ಅವನು ಉತ್ತರವನ್ನೇ ಕೊಡಲಿಲ್ಲ. ಕೋರ್ಟು ಅವನ ಪರ ನಿಂತಿತು. ನಗರದ ತೆರಿಗೆ ಏರುತ್ತ ಹೋಯಿತು. ಬಿಟ್ಟಿ ಅಂತ ನಾನು ಮೇಲೆ ಬರೆದೆನಲ್ಲ, ಆ ಬಿಟ್ಟಿಯ ಬಿಲ್ಲು ಬೇರೆ ದಾರಿಯಲ್ಲಿ ಜನರ ಮನೆಗೇ ಬರುತ್ತಿತ್ತು.

‘ನಾನೇ ಕಾನೂನು’ ಅನ್ನೋ ಮಾತು 1937ರ ನವೆಂಬರ್‌ನದು. ಒಂದು ಚರ್ಚಿನ ಸಭೆಯಲ್ಲಿ ಹೇಗ್ ಸ್ವತಃ ಹೇಳಿದ ಪ್ರಸಂಗ. ಸ್ಕೂಲಿಗೆ ಹೋಗಲ್ಲ, ಕೆಲಸ ಬೇಕು ಅಂದ ಇಬ್ಬರು ಹುಡುಗರಿಗೆ ಕೆಲಸ ಕೊಡಿಸಲು ಹೇಳಿದನಂತೆ. ಅಧಿಕಾರಿ ‘ಕಾನೂನು ಒಪ್ಪೋದಿಲ್ಲ’ ಅಂದ. ಅದಕ್ಕೆ ಇವನ ಉತ್ತರ ‘ನಾನೇ ಕಾನೂನು’. ಪೇಪರಿನವರು ಹುಡುಗರ ಕಥೆ ಬಿಟ್ಟು ಎರಡು ಶಬ್ದ ಮಾತ್ರ ಅಚ್ಚು ಹಾಕಿದರು ಅಂತ ಅವನ ಅಭಿಮಾನಿಗಳ ದೂರು. ನ್ಯಾಯವಾದ ದೂರೇ. ಆದರೂ ಅದೇ ತಿಂಗಳಲ್ಲಿ ನಡೆದದ್ದನ್ನು ನೋಡಿದರೆ ಆ ಎರಡು ಶಬ್ದವೇ ಸಾಕಾಗಿತ್ತು ಅನ್ನಿಸುತ್ತದೆ.

ಸಿಐಒ ಎಂಬ ಕಾರ್ಮಿಕ ಸಂಘಟನೆ ಆಗ ಜರ್ಸಿ ಸಿಟಿಯ ಕಾರ್ಖಾನೆಗಳಿಗೆ ಕಾಲಿಡಲು ಬಂತು. ನಮ್ಮೂರಲ್ಲಿ ಮುಷ್ಕರದ ಕಾಟ ಇಲ್ಲ ಬನ್ನಿ ಅಂತ ಹೇಗ್ ಕಾರ್ಖಾನೆಯವರನ್ನು ಕರೆದು ಕೂರಿಸಿದ್ದ. ಹಾಗಾಗಿ ಕರಪತ್ರ ಹಂಚಲು ಬಂದವರನ್ನು ಪೊಲೀಸರು ಹಿಡಿದು, ದೋಣಿ ಹತ್ತಿಸಿ ನ್ಯೂಯಾರ್ಕಿಗೆ ವಾಪಸ್ ಕಳಿಸಿದರು. ಸಭೆಗೆ ಪರ್ಮಿಟ್ ಇಲ್ಲ. ಹಾಲ್ ಬಾಡಿಗೆಗೆ ಕೊಡುವವರಿಲ್ಲ. 1938ರ ಏಪ್ರಿಲ್ 30ರಂದು ಸಮಾಜವಾದಿ ನಾಯಕ ನಾರ್ಮನ್ ಥಾಮಸ್ ಭಾಷಣ ಮಾಡಲು ಬಂದರೆ ಅವರನ್ನೂ ಊರಾಚೆ ದಬ್ಬಿದರು. ರೈಲ್ವೆ ಯಾರ್ಡಿನಲ್ಲಿ ಸುತ್ತಿಗೆ ಹೊಡೆದಿದ್ದ ಹುಡುಗ ಕೂಲಿಗಳ ಸಂಘಕ್ಕೆ ಹೀಗೆ ಮಾಡಿದ. ಕಾರ್ಮಿಕರ ಬಂಧು ರೂಸ್‌ವೆಲ್ಟ್ ಬಾಯಿ ಬಿಡಲಿಲ್ಲ. ಹಡ್ಸನ್ ಕೌಂಟಿಯ ವೋಟು ಬೇಕಿತ್ತಲ್ಲ.

ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು. 1939ರ ಜೂನ್ 5ರಂದು ಹೇಗ್ ಸೋತ. ಬೀದಿ, ಪಾರ್ಕುಗಳು ಯಾರ ಹೆಸರಲ್ಲೇ ಇರಲಿ, ಜನ ಸೇರಿ ಮಾತಾಡಲು ಹಿಂದಿನಿಂದಲೂ ಇರುವ ಜಾಗಗಳು, ಆಡಳಿತ ಅವನ್ನು ಜನರ ಪರವಾಗಿ ಕಾಯುತ್ತದೆ ಅಷ್ಟೇ ಅನ್ನುವ ಅರ್ಥದಲ್ಲಿ ನ್ಯಾಯಮೂರ್ತಿ ಓವನ್ ರಾಬರ್ಟ್ಸ್ ಬರೆದರು. ನಾವು ರಾಜ್ಯೋತ್ಸವಕ್ಕೆ ಪಾರ್ಕ್ ಕೇಳಲು ಟೌನ್‌ಶಿಪ್ಪಿಗೆ ಫಾರ್ಮ್ ತುಂಬುತ್ತೇವಲ್ಲ, ನಮ್ಮ ಮುಖ ನೋಡಿ, ಭಾಷೆ ಕೇಳಿ ‘ಇಲ್ಲ’ ಅನ್ನೋ ಹಾಗಿಲ್ಲ. ಅದಕ್ಕೆ ಒಂದು ಬುನಾದಿ ಈ ತೀರ್ಪು. ಎಚ್‌-1ಬಿ ಮೇಲಿರುವ ನಮ್ಮಂಥವರಿಗೆ ವೋಟಿಲ್ಲ. ಹೇಗ್ ಇದ್ದ ಜರ್ಸಿ ಸಿಟಿಯಲ್ಲಿ ವೋಟಿಲ್ಲದವನ ಕಷ್ಟಕ್ಕೆ ಎಷ್ಟು ಬೆಲೆ ಇರುತ್ತಿತ್ತೋ! ಇದನ್ನು ಓದುವಾಗ ಅದೊಂದು ಪ್ರಶ್ನೆ ನನ್ನನ್ನು ಬಿಡಲೇ ಇಲ್ಲ.

ಮುಂದಿನದು ಬೇಗ ಮುಗಿಯುತ್ತದೆ. ತನ್ನ ಬೆಂಬಲದಿಂದಲೇ 1941ರಲ್ಲಿ ಗವರ್ನರ್ ಆದ ಚಾರ್ಲ್ಸ್ ಎಡಿಸನ್, ಬಲ್ಬಿನ ಎಡಿಸನ್ನರ ಮಗ, ಹೇಗ್‌ಗೇ ತಿರುಗಿಬಿದ್ದ. 1947ರಲ್ಲಿ ಹೇಗ್ ಕುರ್ಚಿ ಬಿಟ್ಟು ಅಕ್ಕನ ಮಗನೋ ಅಣ್ಣನ ಮಗನೋ ಅನ್ನುವಂತೆ ನಮ್ಮಲ್ಲೂ ನಡೆಯೋ ಹಾಗೆ, ಸೋದರ ಸಂಬಂಧದ ಫ್ರಾಂಕ್ ಹೇಗ್ ಎಗ್ಗರ್ಸ್‌ನನ್ನು ಕೂರಿಸಿದ. ಎರಡನೇ ವಾರ್ಡಿನ ತನ್ನದೇ ಮನುಷ್ಯ ಜಾನ್ ಕೆನ್ನಿಗೆ ಇದು ಸಹಿಸಲಿಲ್ಲ. ಅಲ್ಲಿಯವರೆಗೆ ಬಾಗಿಲಾಚೆ ನಿಂತಿದ್ದ ಇಟಾಲಿಯನ್, ಪೋಲಿಷ್ ಜನರನ್ನೂ ಸೇರಿಸಿಕೊಂಡು 1949ರ ಮೇನಲ್ಲಿ ಹೇಗ್ ಗುಂಪನ್ನು ಮಣ್ಣು ಮುಕ್ಕಿಸಿದ. ಜನ ಬೀದಿಗಿಳಿದು ಕುಣಿದರಂತೆ. ಹಾಗಂತ ಊರು ಶುದ್ಧವಾಯಿತೇ? 1971ರಲ್ಲಿ ಜರ್ಸಿ ಸಿಟಿಯ ಮೇಯರ್ ಥಾಮಸ್ ವೀಲನ್ ಸುಲಿಗೆ ಕೇಸಿನಲ್ಲಿ ಅಪರಾಧಿ ಅಂತ ತೀರ್ಪಾಯಿತು. ಕೆನ್ನಿ ಕೂಡ ಮುದಿ ವಯಸ್ಸಿನಲ್ಲಿ ಜೈಲು ಕಂಡ. ಹೇಗ್ ಮಾತ್ರ ಒಂದು ದಿನವೂ ಜೈಲಿಗೆ ಹೋಗಲಿಲ್ಲ.

ಅವನು ಸತ್ತದ್ದು 1956ರ ಜನವರಿ 1ರಂದು, ಮ್ಯಾನ್‌ಹಟನ್ನಿನ ಪಾರ್ಕ್ ಅವೆನ್ಯೂ ಮನೆಯಲ್ಲಿ. ಜರ್ಸಿ ಸಿಟಿಯ ಹೋಲಿ ನೇಮ್ ಸ್ಮಶಾನದಲ್ಲಿ ದೊಡ್ಡ ಕಲ್ಲಿನ ಸಮಾಧಿ ಇದೆ. ಶವಯಾತ್ರೆಯ ದಿನ ಮುದುಕಿಯೊಬ್ಬಳು ಅಮೆರಿಕದ ಬಾವುಟ ಹಿಡಿದು, ಇವನ ಪಾಪಿ, ದುರಾಸೆಯ ಆತ್ಮಕ್ಕೆ ದೇವರು ಕರುಣೆ ತೋರಲಿ ಅನ್ನೋ ಬೋರ್ಡಿನ ಜೊತೆ ನಿಂತಿದ್ದಳಂತೆ. ಆಕೆಗೆ ಏನಾಗಿತ್ತು ಅಂತ ಯಾರಾದರೂ ಕೇಳಿದ್ದರೆ ಚೆನ್ನಾಗಿರುತ್ತಿತ್ತು.

ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಈ ಕಥೆಯೆಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡು ಅಮ್ಮ ಕೇಳಿದ್ದು ಒಂದೇ ಮಾತು: ‘ಹೆರಿಗೆ ಆಸ್ಪತ್ರೆಗೆ ಅವರವ್ವನ ಹೆಸರಿಟ್ಟನಾ? ನಮ್ಮ ಗೌಡ್ರು ಬಸ್ ಸ್ಟ್ಯಾಂಡಿಗೆ ತಮ್ಮ ಹೆಸರೇ ಇಟ್ಕೊಂಡ್ರು ನೋಡು.’